ಇಪ್ಪತ್ತೆಂಟು ಡಿಗ್ರಿ

ಶ್ರೀಪತಿ ಟೆರೇಸಿನಲ್ಲಿ ಮೊಣಕಾಲೂರಿ ಕೂತು, ಮಣ್ಣು ತುಂಬಿದ ಚೀಲದಲ್ಲಿ ಬೆಳೆದ ಗಿಡದಿಂದ ಟೊಮೆಟೊ ಒಂದನ್ನು ತೊಟ್ಟಿನ ಸಮೇತ ಕಿತ್ತು ಕೆನ್ನೆಗೆ ಒತ್ತಿಕೊಂಡರು. ಇನ್ನೂ ಹದಕ್ಕೆ ಬಂದಿರಲಿಲ್ಲ. ಅದನ್ನು ಕಟ್ಟೆಯ ಮೇಲೆ ಬಿಸಿಲಿಗಿಟ್ಟು ಕಾಯತೊಡಗಿದರು. ಕೆಳಗೆ ನಡುಮನೆಯಲ್ಲಿ ಹೆಂಡತಿ ಸುಮಿತ್ರಳ ಹೆಣವಿತ್ತು. ನಿನ್ನೆ ಸಂಜೆ ಎದೆ ಹಿಡಿದುಕೊಂಡು ಕುಸಿದವಳು ಆಸ್ಪತ್ರೆ ಮುಟ್ಟುವುದರೊಳಗೇ ಹೋಗಿಬಿಟ್ಟಿದ್ದಳು. ಉಳ್ಳೂರಿನ ಮಲಯಾಳಿ ಅಕ್ಕಪಕ್ಕದವರೆಲ್ಲ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರೆ, ಈ ಮಹಾನುಭಾವರು ಮೇಲೆ ಹಣ್ಣು ಕಾಯಿಸುತ್ತಾ ಕೂತಿದ್ದಾರೆ! ನೋಡಿದವರಿಗೆ ಮೈ ಉರಿಯದೆ ಇರುತ್ತದೆಯೇ?

"ಎಲ್ಲಿದ್ದೀರಿ ಮಾರಾಯ್ರೇ?" ಕಾಸರಗೋಡಿನ ಪುರೋಹಿತ ಗಣಪತಿ ಭಟ್ಟರು ಮೆಟ್ಟಿಲ ಬುಡದಿಂದ ಕೂಗಿದರು. "ಮಗಳ ಕಾರು ಕೊಲ್ಲಂ ದಾಟಿತಂತೆ. ಅವಳು ಬಂದ ಕೂಡಲೇ ತಾಯಿಯ ಬಾಯಿಗೆ ಅಕ್ಕಿ ಹಾಕಿ ಹೊರಡುವುದು."

"ಬಂದೆ. ಅಕ್ಕಿ ಜೊತೆ ಈ ಟೊಮೆಟೊನೂ ಒಂದು ಚೂರು ಸುಮಿತ್ರನ ಬಾಯಿಗೆ ಹಾಕ್ತೀನಿ ಭಟ್ರೇ. ಅವಳೇ ನೀರು ಹಾಕಿ ಬೆಳೆಸಿದ್ದು. ಸ್ವಲ್ಪ ಬಿಸಿ ಏರ್ಲಿ."

ಯಾವ ಶಾಸ್ತ್ರದಲ್ಲಿ ಟೊಮೆಟೊ ಬರೆದಿದೆ ಎಂದು ಕೇಳಲು ಭಟ್ಟರು ಬಾಯಿ ತೆರೆದರು. ಯಾಕೋ ಏನೋ, ಕೇಳದೆ ಒಳಗೆ ಹೋದರು.

ಶ್ರೀಪತಿಯವರ ಹದವೆಂದರೆ ಇಪ್ಪತ್ತೆಂಟು ಡಿಗ್ರಿ. ಮೈಸೂರಿನಿಂದ ಬಂದು ನಿವೃತ್ತಿಯವರೆಗೂ ಇಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿ ರಾಕೆಟ್ಟಿನ ಎಂಜಿನ್ ಎಷ್ಟು ಕಾಯುತ್ತದೆ ಎಂದು ಅಳೆದವರು ಅವರು. ಮನೆಯಲ್ಲಿ ಅಳೆಯಲು ಸಿಕ್ಕಿದ್ದು ಟೊಮೆಟೊ. ಸೂಜಿಯಂಥ ಥರ್ಮಾಮೀಟರನ್ನು ಹಣ್ಣಿಗೆ ಚುಚ್ಚಿ, ಸರಿಯಾದ ಬಿಸಿ ತೋರಿಸಿದ ಮೇಲೆಯೇ ಕೊಯ್ದು ತಟ್ಟೆಗೆ ಹಾಕುವರು. ಅದಕ್ಕಿಂತ ಕೆಳಗಾದರೆ ಪರಿಮಳ ಏಳುವುದಿಲ್ಲ, ಮೇಲಾದರೆ ಬೇಯಿಸಿದ ವಾಸನೆ ಎಂದು ಬಂದವರಿಗೆಲ್ಲ ಪಾಠ. ಯಾರಾದರೂ ಬಾಯಿತಪ್ಪಿ ಫ್ರಿಜ್ಜಿನ ಹೆಸರೆತ್ತಿದರೆ ಮುಗಿಯಿತು. "ಫ್ರಿಜ್ಜಿಗೆ ಹೋದ ಟೊಮೆಟೊ ಹೆಣ ಕಣ್ರೀ, ಹೆಣ!" ಎನ್ನುವರು. ಸುಮಿತ್ರ ಮೊದಲ ಹೋಳು ಬಾಯಿಗಿಟ್ಟೊಡನೆ "ಹೇಗಿದೆ?" ಎಂದು ಕೇಳುವರು. "ಚೆನ್ನಾಗಿದೆ" ಎನ್ನುವಳು. ಆ ಒಂದು ಮಾತಿನಿಂದ ಅವರ ದಿನವೆಲ್ಲ ಹಿಗ್ಗು.

ಹಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು ಅವರು ಕೆಳಗಿಳಿದರು. ಸುಮಿತ್ರ ಗಾಜಿನ ಮುಚ್ಚಳದ ಶೈತ್ಯಪೆಟ್ಟಿಗೆಯಲ್ಲಿ ಮಲಗಿದ್ದಳು. ಪೆಟ್ಟಿಗೆ ಗುರ್ ಎನ್ನುತ್ತಿತ್ತು. ಅದರ ಪಕ್ಕದಲ್ಲಿ ಹೊಳೆಯುತ್ತಿದ್ದ ನಾಲ್ಕು ಡಿಗ್ರಿಯ ಅಂಕಿ ನೋಡಿ ಶ್ರೀಪತಿಗೆ ತಾವು ಆಡುತ್ತಿದ್ದ ಹೆಣದ ಮಾತು ನೆನಪಾಯಿತು.

"ಅಲ್ವಿನ್, ಡಿಗ್ರಿ ಸ್ವಲ್ಪ ಮೇಲೆ ಮಾಡಿ. ಅವಳಿಗೆ ತಣ್ಣಗಿರೋದು ಆಗಲ್ಲ" ಎಂದರು.

ಪೆಟ್ಟಿಗೆ ಬಾಡಿಗೆಗೆ ತಂದಿದ್ದ ನರೆಗೂದಲಿನ ಅಲ್ವಿನ್ ತಲೆಯಾಡಿಸಿದ. "ಪಟ್ಟಿಲ್ಲ ಸಾರೇ." ಆಗುವುದಿಲ್ಲವೆಂದರೆ ಆಗುವುದಿಲ್ಲ.

ಪೆಟ್ಟಿಗೆಯ ಬಳಿ ಕೂತಿದ್ದ ಇಂದುಮತಿ ತಲೆಯೆತ್ತಿದರು. ಉಡುಪಿ ಕಡೆಯವರು, ಎರ್ನಾಕುಲಂನಲ್ಲಿ ಸುಮಿತ್ರಳ ಜೊತೆ ಒಂದೇ ಬ್ಯಾಂಕಿನಲ್ಲಿ ದುಡಿದು, ಒಂದೇ ರೂಮಿನಲ್ಲಿ ಇದ್ದವರು. ಬೆಳಗಿನ ಮೊದಲ ರೈಲಿಗೆ ಓಡಿಬಂದಿದ್ದರು.

"ಅವಳಿಗೆ ತಣ್ಣಗೆ ಆಗುವುದಿಲ್ಲ ಅಂತ ನಿಮಗೆ ಯಾರು ಹೇಳಿದ್ದು?" ಎಂದು ಕೇಳಿದರು.

*

ಮಗಳು ಹುಟ್ಟುವ ಮುಂಚೆ, ಸುಮಿತ್ರಳಿಗೆ ಪ್ರಮೋಷನ್ ಸಿಕ್ಕಿ ಎರ್ನಾಕುಲಂಗೆ ವರ್ಗವಾದಾಗ ಶ್ರೀಪತಿ ಬೇಡವೆನ್ನಲಿಲ್ಲ. ಭಾನುವಾರ ಸಂಜೆ ತಾವೇ ಸ್ಟೇಷನ್ನಿಗೆ ಹೋಗಿ ಅವಳನ್ನು ರೈಲು ಹತ್ತಿಸುವರು. ಒಂದಕ್ಕೊಂದು ತಾಗದಂತೆ ಬಟ್ಟೆ ಸುತ್ತಿ ಟೊಮೆಟೊ ತುಂಬಿದ ಡಬ್ಬಿಯನ್ನು ಕಿಟಕಿಯ ಸರಳಿನ ಸಂದಿಯಿಂದ ಕೊಡುವರು.

"ಅಲ್ಲಿ ಫ್ರಿಜ್ಜಿಗೆ ಗಿಜ್ಜಿಗೆ ಹಾಕ್ಬೇಡ."

"ಇಲ್ಲಾರೀ."

"ಕಿಟಕಿ ಹತ್ರ ಇಡು. ಮುಟ್ಟಿ ನೋಡಿ ತಿನ್ನು."

"ಆಯ್ತುರೀ. ರೈಲು ಹೊರಡ್ತು, ಕೈ ತೆಗೀರಿ."

ಆಮೇಲೆ ಶ್ರೀಪತಿಗೆ ಕಾಮಾಲೆಯಾಯಿತು. ಹೋಟೆಲಿನ ಊಟ ಒಗ್ಗುವುದಿಲ್ಲವೆಂದು ಡಾಕ್ಟರು ಹೇಳಿದರು. ಡಾಕ್ಟರಿಗಿಂತ ಜೋರಾಗಿ ಶ್ರೀಪತಿ ಹೇಳಿದರು. ಸುಮಿತ್ರ ಕೆಲಸ ಬಿಟ್ಟು ಬಂದಳು. ನನಗೋಸ್ಕರ ಬಿಟ್ಟಳು ಎಂದು ಅವರು ಸಿಕ್ಕಿದವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದರು. ಬಿಟ್ಟದ್ದಕ್ಕೆ ಬೇಸರವಾಯಿತೇ ಎಂದು ಕೇಳಬೇಕೆಂದು ಅವರಿಗೆ ಹೊಳೆಯಲೇ ಇಲ್ಲ.

*

"ನಿಮ್ಮ ಡಬ್ಬಿ ರೂಮಿಗೆ ಬಂದದ್ದೇ ಸೀದಾ ಫ್ರಿಜ್ಜಿಗೆ" ಎಂದರು ಇಂದುಮತಿ. "ಬ್ಯಾಂಕಿನಿಂದ ಬಂದು, ಬೆವರು ಒರೆಸಿ, ಕೊರೆಯುವ ಹಣ್ಣು ಕಚ್ಚಿ ತಿನ್ನುವುದು. ಮೇಲಿಂದ ಉಪ್ಪು ಬೇರೆ. ಹಲ್ಲು ಜುಂ ಅನ್ನಬೇಕು ಅವಳಿಗೆ! ಕಣ್ಣು ಮುಚ್ಚಿ ಒಬ್ಬಳೇ ನಗುವುದು. ಕೆಲಸ ಬಿಟ್ಟ ದಿನ ಫ್ರಿಜ್ಜಿನ ಬಾಗಿಲು ಹಿಡಿದು ಅತ್ತಳು, ಹುಚ್ಚಿ."

"ನನಗೆ ಹೇಳ್ಲೇ ಇಲ್ವಲ್ಲ."

"ನೀವು ಕೇಳಿದ್ದಿರಾ?"

"ದಿನಾ ಕೇಳ್ತಿದ್ದೆ ಇಂದುಮತಿಯವ್ರೇ. ಹೇಗಿದೆ ಅಂತ ದಿನಾ ಕೇಳ್ತಿದ್ದೆ."

"ಅದು ಕೇಳಿದ್ದಲ್ಲ ಮಾರಾಯ್ರೇ. ಉತ್ತರ ನೀವೇ ಕೊಟ್ಟು ಅವಳ ಬಾಯಲ್ಲಿ ಹೇಳಿಸಿದ್ದು."

ಶ್ರೀಪತಿಗೆ ಮೊದಲು ಬಂದದ್ದು ದುಃಖವಲ್ಲ, ಕೆಂಡದಂಥ ಕೋಪ. ಇಷ್ಟು ವರ್ಷ ಎದುರಿಗೆ ಕೂತು ಸುಳ್ಳು ಹೇಳಿದಳಲ್ಲ! ಒಂದು ಹಣ್ಣಿನ ವಿಷಯದಲ್ಲೇ ಹೀಗಾದರೆ ಇನ್ನು ಯಾವುದಕ್ಕೆಲ್ಲ ಚೆನ್ನಾಗಿದೆ ಅಂದಿದ್ದಳೋ. ಈ ಮನೆಗೆ, ಈ ಊರಿಗೆ, ತನಗೆ? ಗಾಜು ಬಡಿದು ಎಬ್ಬಿಸಿ ಕೇಳಿಬಿಡಬೇಕು ಅನ್ನಿಸಿತು. ಇಂದುಮತಿ ಹೇಳಿದ್ದು ಸುಳ್ಳಾಗಿರಲಿ ದೇವರೇ ಎಂದು ಮಗಳ ದಾರಿ ನೋಡಿದರು.

ಎರ್ನಾಕುಲಂ ಪಕ್ಕದ ಎಡಪ್ಪಳ್ಳಿಯಲ್ಲಿರುವ ಮಗಳು ನಿಖಿತಾ ಬಂದವಳೇ ಪೆಟ್ಟಿಗೆಯ ಮೇಲೆ ಬಿದ್ದು ಅತ್ತಳು. ಅಳು ಸ್ವಲ್ಪ ತಗ್ಗಿದ್ದೇ ತಡ, ಶ್ರೀಪತಿ ಅವಳ ಪಕ್ಕ ಬಗ್ಗಿದರು.

"ಅಮ್ಮನಿಗೆ ಫ್ರಿಜ್ಜಿನ ಟೊಮೆಟೊ ಇಷ್ಟ ಅಂತ ನಿನಗೆ ಗೊತ್ತಿತ್ತಾ?"

ನಿಖಿತಾ ನಂಬಲಾರದವಳಂತೆ ನೋಡಿದಳು. "ಅಯ್ಯೋ ಅಪ್ಪಾ! ಈಗಲೂ ಟೊಮೆಟೊನಾ?"

"ಹೇಳು."

"ಎಲ್ಲರಿಗೂ ಗೊತ್ತಿತ್ತು. ನಮ್ಮ ಫ್ಲ್ಯಾಟಿಗೆ ಬಂದ್ರೆ ಅಮ್ಮ ಫಸ್ಟ್ ಫ್ರಿಜ್ ಓಪನ್ ಮಾಡೋದು. ಅಪ್ಪನಿಗೆ ಹೇಳ್ಬೇಡ ಅಂತಿದ್ರು."

"ನಾನಂದ್ರೆ ಅಷ್ಟು ಹೆದರಿಕೆನಾ ಅವಳಿಗೆ?"

"ಹೆದರಿಕೆ ಅಲ್ಲ." ಅವಳು ಮೂಗೊರೆಸಿಕೊಂಡಳು. "ನಿಮ್ಮ ಹತ್ರ ವಾದ ಮಾಡಿ ಮಾಡಿ ಸಾಕಾಗಿ ಬಿಟ್ಬಿಟ್ರು. ಷಿ ವಾಸ್ ಟಯರ್ಡ್, ಅಪ್ಪಾ. ನಾನು ಹುಟ್ಟೋ ಮುಂಚೇನೇ ಟಯರ್ಡ್."

ಹೆದರಿದ್ದಳು ಎಂದಿದ್ದರೂ ತಡೆದುಕೊಳ್ಳುತ್ತಿದ್ದರೇನೋ. ಬೇಸತ್ತಿದ್ದಳು ಎಂಬುದನ್ನು ತಡೆಯಲಾಗಲಿಲ್ಲ. ಕೋಪವೆಲ್ಲ ಇಳಿದುಹೋಗಿ ನಾಚಿಕೆ ಮಾತ್ರ ಉಳಿಯಿತು. ಇಷ್ಟು ಜನರ ನಡುವೆ ಎಲ್ಲಿ ಮುಖ ಇಟ್ಟುಕೊಳ್ಳುವುದೆಂದು ತಿಳಿಯದೆ ನಿಂತರು.

"ಇನ್ನು ತಡ ಬೇಡ" ಎಂದು ಭಟ್ಟರು ಅಕ್ಕಿಯ ಬಟ್ಟಲು ಮುಂದೆ ಹಿಡಿದರು. ಅಲ್ವಿನ್ ಪ್ಲಗ್ಗಿನ ಕಡೆ ಬಗ್ಗಿದ.

"ನಿಲ್ಸಿ!"

ಶ್ರೀಪತಿ ಅಂಗೈ ಬಿಡಿಸಿ ನೋಡಿದರು. ಥರ್ಮಾಮೀಟರು ಬೇಕಿರಲಿಲ್ಲ, ಹಣ್ಣು ಇಪ್ಪತ್ತೆಂಟಕ್ಕೆ ಬಂದಿತ್ತು. ಅವರು ಗಾಜಿನ ಮುಚ್ಚಳವನ್ನು ತಾವೇ ಎತ್ತಿ, ಆ ಹಣ್ಣನ್ನು ಸುಮಿತ್ರಳ ಭುಜದ ಪಕ್ಕದಲ್ಲಿ, ಎಲ್ಲಕ್ಕಿಂತ ತಣ್ಣಗಿದ್ದ ಮೂಲೆಯಲ್ಲಿಟ್ಟು ಮುಚ್ಚಳ ಹಾಕಿದರು.

"ಏನಿದು ಶ್ರೀಪತಿಯವರೇ?" ಭಟ್ಟರು ಗಾಬರಿಯಾದರು.

"ತಣ್ಣಗಾಗ್ಲಿ. ಆಮೇಲೆ ಬಾಯಿಗೆ ಹಾಕೋಣ."

"ಎಷ್ಟು ಹೊತ್ತು ಕಾಯುವುದು?"

ಶ್ರೀಪತಿ ಇಂದುಮತಿಯ ಕಡೆ ತಿರುಗಿದರು. "ಎಷ್ಟು ತಣ್ಣಗಿರಬೇಕಿತ್ತು ಅವಳಿಗೆ?"

ಇಂದುಮತಿ ಸೆರಗು ಬಾಯಿಗೆ ಒತ್ತಿಕೊಂಡರು. ಚಟ್ಟಕ್ಕೆ ಹೆಗಲು ಕೊಡಲು ಬಂದವರು ಹೊಸಿಲಾಚೆ ನಿಂತೇ ಇದ್ದರು.

ಮುಚ್ಚಳ ತೆರೆದಾಗ ಒಳಗೆ ನುಗ್ಗಿದ ಬಿಸಿಗಾಳಿಗೆ ಗಾಜು ಮಂಜುಗಟ್ಟತೊಡಗಿತು. ಸುಮಿತ್ರಳ ಮುಖ ಮಸುಕಾಯಿತು, ಪಕ್ಕದ ಕೆಂಪೂ ಮಸುಕಾಯಿತು. ಶ್ರೀಪತಿ ಪಂಚೆಯ ಅಂಚಿನಿಂದ ಗಾಜನ್ನು ಒರೆಸಿದರು. ಮತ್ತೆ ಒರೆಸಿದರು. ಮಂಜು ಒಳಗಡೆ ಇತ್ತು.