ಅಯೂಬರ ಮೈಯ ಹುಳು

"ಇನ್ನೊಂದ್ಸಲ ಅದ್ದಮ್ಮೋ ಕೈನ. ಮೊಣಕೈಗಂಟ."

ಮೂರನೆಯ ಸಲ ಅದ್ದಿದೆ. ಬ್ಲೀಚಿಂಗ್ ನೀರಿಗೆ ಬೆರಳ ಸಂದುಗಳು ಉರಿಯುತ್ತಿದ್ದವು. ರೇಷ್ಮೆ ಸಾಕುವ ಹುಳುಮನೆಗೆ ಹೋಗುವವರೆಲ್ಲ ಕೈಕಾಲು ತೊಳೆದೇ ಹೋಗಬೇಕು, ಅದು ಕಟ್ಟಳೆ. ಆದರೆ ನನಗಿಂತ ಮುಂದಿದ್ದ ಮುನಿಲಕ್ಷ್ಮಿ ಮತ್ತು ಇನ್ನು ನಾಲ್ವರು ಒಂದೇ ಸಲ ಅದ್ದಿ, ಒಳಗೆ ಹುಳು ಆಯುತ್ತಾ ಕೂತಿದ್ದರು. ಮೇವು ಬಿಟ್ಟು ಹಣ್ಣಾದ ಹುಳುವಿನೊಳಗೆ ಬೆಳಕು ನಿಂತಿರುತ್ತದೆ. ಅರ್ಧ ದಿನದಲ್ಲಿ ಆಯ್ದು, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಹಾಕದಿದ್ದರೆ ಎಲೆಯ ಮೇಲೇ ನೂಲು ಬಿಟ್ಟು ಹಾಳಾಗುತ್ತದೆ.

"ಆಯ್ತಲ್ಲ ಯಜಮಾನ್ರೇ."

ರಾಮಾಂಜಿನಪ್ಪ ಬಾಗಿಲಿಗೆ ಕಾಲು ಅಡ್ಡ ಇಟ್ಟ. "ಆಗ್ಲಿಲ್ಲ. ನೀವು ಸಾಬರ ಮುಂಡೇವು ಕೈಗೆ ಏನ್ ಮೆತ್ಕೊಂಡ್ ಬರ್ತೀರೋ ಯಾವನಿಗ್ ಗೊತ್ತು. ಹೋದ್ ಬೆಳೆ ಪೂರ್ತಿ ಸಪ್ಪೆ ರೋಗ ಬಂದು ತಿಪ್ಪೆಗ್ ಸುರಿದೆ."

"ಹೋದ್ ಬೆಳೆಗೆ ನಾನು ಬಂದೇ ಇಲ್ವಲ್ಲ. ಅಜ್ಜಿ ಸತ್ತು ನಲವತ್ ದಿನ ಮನೇಲೇ ಇದ್ದೆ."

"ಬಾಯ್ ಬೇರೆ. ನೀನೇ ಹೇಳಿರೋದು ಐತೆ, ನೋಡು."

ಫೋನು ಮುಖಕ್ಕೆ ಹಿಡಿದ. ಅದರಲ್ಲಿ ನಾನಿದ್ದೆ, ಜಂಗಮಕೋಟೆಯ ಶಾಲೆಯಲ್ಲಿ, ಮಕ್ಕಳ ಎದುರು. "ಈ ಹುಳ ಎಲ್ಲಾ ನಮ್ಮೋರ್ ಮೈಮೇಲಿನ ಕೀವಲ್ಲಿ ಹುಟ್ಟಿದ್ವು." ಅಷ್ಟಕ್ಕೇ ನಿಂತುಹೋಯಿತು. ಕೆಳಗೆ ಯಾರೋ ಬರೆದಿದ್ದರು: ಹುಳುವಿಗೆ ರೋಗ ಹಾಕೋದು ಇವರೇ, ಬಾಯಿಬಿಟ್ಟಿದ್ದಾಳೆ.

ಶಾಲೆಗೆ ನನ್ನನ್ನು ಕರೆದವಳು ಈ ಮನೆಯ ಸೊಸೆ ಸೌಜನ್ಯ. ಅಲ್ಲಿ ಟೀಚರ್. ಬಿಸಿಯೂಟದ ಸಾಲಿನಲ್ಲಿ ನಮ್ಮ ಕೇರಿಯ ಹುಡುಗಿಯ ಪಕ್ಕ ಯಾರೂ ಕೂರದೇ ಹೋದಾಗ ನಮ್ಮ ಮನೆಗೇ ಬಂದಿದ್ದಳು. "ಮಕ್ಕಳ ತಲೇಲಿ ವಿಷ ತುಂಬ್ತಾವ್ರೆ ಮುಬೀನಾ. ನಿಮ್ಮಜ್ಜಿ ಕಥೆ ಹೇಳು ಬಾ. ಒಬ್ರ ಮಾತು ಒಬ್ರು ಕೇಳಿದ್ರೆ ತಾನೆ ಭಯ ಹೋಗೋದು." ನಂಬಿದೆ. ಅಜ್ಜಿ ಮಸ್ತಾನ್‌ಬಿ ನಲವತ್ತು ವರ್ಷ ಇದೇ ಹುಳುಮನೆಯಲ್ಲಿ ಆಯ್ದವಳು. ಸೌಜನ್ಯಳ ಗಂಡ ಮೋಹನ್‌ಬಾಬು ಚಿಕ್ಕವನಿದ್ದಾಗ ಅಜ್ಜಿಯ ತೊಡೆಯ ಮೇಲೆ ಕೂತು ಈ ಕಥೆ ಕೇಳಿಯೇ ಉಣ್ಣುತ್ತಿದ್ದನಂತೆ.

ಸೌಜನ್ಯ ಅಂಗಳದಲ್ಲಿ ಚಂದ್ರಿಕೆಗಳನ್ನು ಬಿಸಿಲಿಗಿಡುತ್ತಿದ್ದಳು.

"ಅಕ್ಕಾ, ಪೂರ್ತಿ ವಿಡಿಯೋ ನಿಮ್ ಫೋನಲ್ಲೈತಲ್ಲ. ಒಂದ್ಸಲ ಹಾಕಿ ತೋರ್ಸಿ."

ತಲೆ ಎತ್ತಲಿಲ್ಲ. "ಡಿಲೀಟ್ ಆಗೋಯ್ತು ಕಣೇ."

"ಕತ್ತರ್ಸಿದ್ದು ಯಾರು?"

"ನಾನು ಮನೆ ಗ್ರೂಪಿಗ್ ಹಾಕ್ದೆ ಅಷ್ಟೆ. ನಮ್ಮನೆಯೋರು ತಮಾಷೆಗೆ ಅಂತ..."

"ಹಂಗಂತ ನಿಮ್ ಮಾವನ್ಗೆ ಹೇಳಿ."

"ಈಗ್ಬೇಡ. ಸ್ಕೂಲಲ್ಲಿ ಇನ್ನೊಂದ್ ಪ್ರೋಗ್ರಾಮ್ ಇಡ್ತೀನಿ. ಎಲ್ರನ್ನೂ ಕೂರ್ಸಿ ಮಾತಾಡಣ. ಬಿಳೀ ದುಪಟ್ಟಾ ಹಾಕ್ಕೊಂಡ್ ಬಾ, ಫೋಟೋಗೆ ಚೆನ್ನಾಗಿರುತ್ತೆ."

"ಕೇಳಿಸ್ತಲ್ಲ, ಪೋವೇ, ನಡಿ," ಎಂದ ರಾಮಾಂಜಿನಪ್ಪ. "ಮುಂದಿನ್ ಬೆಳೆಗೂ ಬರ್ಬೇಡ. ಈ ಊರಾಗೆ ಯಾವ್ ಹುಳುಮನೆಗೂ ಬಿಡಲ್ಲ ನಿನ್ನ."

ನಾನು ಹೊಸ್ತಿಲ ಮೇಲೆ ಕೂತೆ. "ಕಥೆ ಪೂರ್ತಿ ಹೇಳ್ಬಿಟ್ಟು ಹೋಗ್ತೀನಿ."

"ಎದ್ದೇಳೇ ಲೌಡಿ."

ನಾನು ಒಳಗಿದ್ದವರಿಗೆ ಕೇಳುವಂತೆ ಶುರುಮಾಡಿದೆ. "ಅಯೂಬ್ ಅಂತ ನಮ್ಮೋರೊಬ್ರು ಪೈಗಂಬರು. ಮನೆ, ಮಕ್ಕಳು, ದನ ಎಲ್ಲಾ ಹೋಯ್ತು. ಮೈಯೆಲ್ಲಾ ಹುಣ್ಣಾಗಿ ಹುಳ ಬಿತ್ತು. ಒಂದ್ ಹುಳ ಜಾರಿ ನೆಲಕ್ಕೆ ಬಿದ್ರೆ, ಅಯೂಬರು ಎತ್ತಿ ಮತ್ತೆ ಮೈಮೇಲೇ ಬಿಟ್ಕೊಂಡ್ರು. ನಿನ್ ಊಟ ಇಲ್ಲೇ ಐತಲ್ಲಪ್ಪ, ಎಲ್ಲಿಗೋಗ್ತೀಯ ಅಂದ್ರು."

ಕಥೆ ಕೇಳುವವರು ಹೂಂಗುಟ್ಟಬೇಕು. ಇಲ್ಲದಿದ್ದರೆ ಹೇಳುವವಳ ಬಾಯಿ ಕಟ್ಟುತ್ತದೆ. ಐದು ಜನರ ಕೈ ನಿಂತಿತು. ಮುನಿಲಕ್ಷ್ಮಿ ನನ್ನ ಕಡೆ ನೋಡಿದಳು, ಯಜಮಾನನ ಕಡೆ ನೋಡಿದಳು, ತಲೆ ತಗ್ಗಿಸಿ ಮತ್ತೆ ಹುಳು ಆಯತೊಡಗಿದಳು. ಅಂಗಳಕ್ಕೆ ತಿರುಗಿದೆ. ಸೌಜನ್ಯ ಬೆನ್ನು ಹಾಕಿ ನಿಂತಿದ್ದಳು.

ರಾಮಾಂಜಿನಪ್ಪ ಬ್ಲೀಚಿಂಗ್ ನೀರಿನ ಬಕೆಟ್ಟನ್ನು ನನ್ನ ತಲೆಯ ಮೇಲೆ ಬೋರಲು ಹಾಕಿದ. ಕಣ್ಣು ಉರಿದು ಏನೂ ಕಾಣಿಸಲಿಲ್ಲ.

"ಹೂಂ," ಎಂದು ನಾನೇ ಹೇಳಿಕೊಂಡೆ. "ಆಮೇಲೆ ಅಯೂಬರ ಮೈ ವಾಸಿಯಾಯ್ತು. ಆ ಹುಳ ಎಲ್ಲಾ ಹಿಪ್ಪುನೇರಳೆ ಗಿಡ ಹತ್ತಿದ್ವು."