ಅಂಜಿನಕ್ಕ ಮುಟ್ಟದ ಆಡು

ದುರುಗಣ್ಣ ದೊಡ್ಡಿಯ ಬಾಗಿಲಿನ ಹಗ್ಗ ಬಿಚ್ಚತೊಡಗಿದ್ದನ್ನು ಕಂಡು ಚೌಡಕ್ಕ ಹೆಣದ ಪಕ್ಕದಿಂದಲೇ ಕೂಗಿದಳು.

“ಏ ದುರುಗಾ, ಕೈ ತಗಿ! ಹೆಣ ಮನ್ಯಾಗ ಇರಾಗ ಆಡು ಹೊರಗ ಬಿಡ್ತಾರೇನಲೇ?”

“ಮುಂಜಾನಿಂದ ಒದರಾಕತ್ಯಾವಕ್ಕಾ. ಹೊಟ್ಟಿ ಹಸದೈತಿ.”

“ನಮಗೂ ಹಸದೈತಿ. ಒಲಿ ಹಚ್ಚೀವೇನು?”

ದುರುಗಣ್ಣ ಹಗ್ಗ ಬಿಟ್ಟ. ಸತ್ತವಳು ಅವನ ಒಡಹುಟ್ಟಿದ ಅಕ್ಕ ಅಂಜಿನಕ್ಕ. ಕೂಗಿದವಳು ಅಂಜಿನಕ್ಕನ ಗಂಡ ಬೊಮ್ಮಯ್ಯನ ಅಕ್ಕ. ನಿನ್ನೆ ಸಂಜೆ ಆಡುಗಳನ್ನು ದೊಡ್ಡಿಗೆ ಕೂಡಿ, ಬಾಗಿಲು ಕಟ್ಟಿ, ಅದಕ್ಕೇ ಒರಗಿ ಕೂತ ಅಂಜಿನಕ್ಕ ಮತ್ತೆ ಏಳಲಿಲ್ಲ. ದಣಿದಿದ್ದಾಳೆ ಎಂದುಕೊಂಡು ಬೊಮ್ಮಯ್ಯ ಚಹ ತಂದು ಪಕ್ಕದಲ್ಲಿಟ್ಟು, “ಆರಿ ಹೋಗತೈತಿ, ಕುಡಿ” ಎಂದು ಗದರಿಸಿಯೂ ಇದ್ದ.

ಕೊಟ್ಟೂರಿನ ಹಾದಿಯಲ್ಲಿರುವ ಆ ಊರಿನ ಜನ ಮಣ್ಣಿಗೆಂದು ಬಂದು ಕಟ್ಟೆಯ ಮೇಲೆ ಕೂತಿದ್ದರು. ಮಗಳು ನಾಗರತ್ನ ತಂಬ್ರಹಳ್ಳಿಯಿಂದ ಬರಬೇಕಿತ್ತು, ಅವಳು ಬಾರದೆ ಎತ್ತುವಂತಿರಲಿಲ್ಲ. ಕಾಯುವವರ ಬಾಯಿಗೆ ಕೆಲಸ ಬೇಕಲ್ಲ, ಮಾತು ಆಡುಗಳ ಕಡೆಗೇ ಹೊರಳಿತು.

“ಇನ್ನ ಇವನ್ನ ಯಾರು ಕಾಯ್ತಾರ ಮಾವ?” ಎಂದ ದುರುಗಣ್ಣ.

“ಯಾರೂ ಕಾಯಂಗಿಲ್ಲ. ಬರೋ ಸಂತಿಗೆ ಹೊಡೀತೀನಿ,” ಎಂದ ಬೊಮ್ಮಯ್ಯ. “ಆಕಿ ಕೈ ಬಿಟ್ರ ಮತ್ಯಾರ ಕೈಗೂ ಬರಲಾರದಂಗ ಮಾಡಿಟ್ಟಾಳ. ನನ್ನ ಕಂಡ್ರ ಹಾಯಾಕ ಬರ್ತಾವು.”

ಅದು ಸುಳ್ಳಲ್ಲ. ಬೊಮ್ಮಯ್ಯ ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ಚೀಲ ಹೊತ್ತು ಬೆನ್ನು ಸವೆಸಿದವನು. ಹೆಂಡತಿ ತನ್ನನ್ನು ಕರೆದದ್ದಕ್ಕಿಂತ ಆಡುಗಳನ್ನು ಕರೆದದ್ದೇ ಹೆಚ್ಚು ಎಂಬುದು ಅವನ ಹಳೆಯ ತಕರಾರು. ದಿನಾ ಸಂಜೆ ಅಂಜಿನಕ್ಕ ದೊಡ್ಡಿಯ ಬಾಗಿಲಲ್ಲಿ ನಿಂತು ಒಂದೊಂದರ ತಲೆಯನ್ನೂ ಮುಟ್ಟಿಯೇ ಒಳಗೆ ಬಿಡುತ್ತಿದ್ದಳು. ಮುಟ್ಟಿಸಿಕೊಳ್ಳದೆ ಅವೂ ಹೋಗುತ್ತಿರಲಿಲ್ಲ. ‘ಆಡು ಮುಟ್ಟದ ಸೊಪ್ಪಿಲ್ಲ, ಅಂಜಿನಕ್ಕ ಮುಟ್ಟದ ಆಡಿಲ್ಲ’ ಎಂದು ಊರವರು ನಗುತ್ತಿದ್ದರು. ಈಗಲೂ ಯಾರೋ ಅದನ್ನೇ ಅಂದರು.

“ಒಂದೈತ್ರಿ,” ಎಂದರು ಕಿರಾಣಿ ಅಂಗಡಿಯ ದಾಕ್ಷಾಯಣಮ್ಮ. ಹೆಂಗಸರ ಸಂಘ ನಡೆಸುವವರು ಅವರೇ. “ಆಕಿ ಮುಟ್ಟಲಾರದ ಆಡು ಒಂದೈತಿ. ನಾನ ಕಣ್ಣಾರೆ ನೋಡೀನಿ.”

*

ಹೋದ ವರ್ಷ ಯುಗಾದಿ ಕಳೆದ ಮೇಲೆ ಸಂಘದವರು ಟೆಂಪೊ ಮಾಡಿಕೊಂಡು ಮುನ್ನಾರಿಗೆ ಹೋಗಿದ್ದರು. ಹೊರಗೆ ಬಿಡದೆ ದೊಡ್ಡಿಯಲ್ಲೇ ಸೊಪ್ಪು ಹಾಕೆಂದು ಆಡುಗಳನ್ನು ದುರುಗಣ್ಣನಿಗೆ ಒಪ್ಪಿಸಿ, ನೂರು ಸಲ ತಿರುಗಿ ನೋಡಿ ಅಂಜಿನಕ್ಕ ಟೆಂಪೊ ಹತ್ತಿದ್ದಳು. ಎರವಿಕುಲಂ ರಾಷ್ಟ್ರೀಯ ಉದ್ಯಾನದ ಬಸ್ಸು ಅವರನ್ನು ಗುಡ್ಡದ ಮೇಲೆ ಇಳಿಸಿತು. ಕೆಳಗೆ ಚಹದ ತೋಟ, ಮೇಲೆ ಬೋಳು ಬಂಡೆ, ನಡುವೆ ಮಂಜು. ಉಳಿದವರು ಫೋಟೊ ತೆಗೆಸಿಕೊಳ್ಳುವಾಗ ಅಂಜಿನಕ್ಕ ಕಿವಿಗೆ ಸೆರಗು ಸುತ್ತಿಕೊಂಡು ರಸ್ತೆಯ ಪಕ್ಕ ನಿಂತೇಬಿಟ್ಟಳು. ಕಾಡಾಡುಗಳ ಹಿಂಡೊಂದು ಅಲ್ಲೇ ಮೇಯುತ್ತಿತ್ತು.

“ಇವು ಯಾರವ್ರಿ ದಾಕ್ಷಾಯಣಮ್ಮ?”

“ಯಾರವೂ ಅಲ್ಲ, ಕಾಡಿನವು.”

“ಕಾಯೋರೆಲ್ಲಿ ಅದಾರ?”

“ಯಾರೂ ಕಾಯಂಗಿಲ್ಲ.”

“ಮತ್ತ ಹೊತ್ತು ಮುಣುಗಿದ್ರ? ಯಾರು ಕೂಡ್ತಾರ ಇವನ್ನ?”

“ಗುಡ್ಡದಾಗ ಇರ್ತಾವ ಮಾರಾಯ್ತಿ. ಬಾ, ಚಳಿ ಹತ್ತೈತಿ.”

ಅಂಜಿನಕ್ಕ ಬರಲಿಲ್ಲ. ನಾಲಿಗೆ ಲೊಟಕರಿಸಿ, ಊರಲ್ಲಿ ಕರೆಯುವ ಹಾಗೆಯೇ “ಬಾ ಬಾ ಬಾ” ಎಂದಳು. ಮರಿ ಜೊತೆಗಿದ್ದ ಒಂದು ಹೆಣ್ಣು ತಲೆಯೆತ್ತಿತು. ಎಲ್ಲರೂ ನೋಡುತ್ತಿದ್ದಂತೆ ನಿಧಾನಕ್ಕೆ ಇಳಿದು ಬಂತು. ಅಂಜಿನಕ್ಕ ಕೈ ಚಾಚಿದಳು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ತಲೆ ಅಂಗೈಗೆ ತಾಗುತ್ತಿತ್ತು.

ಅಷ್ಟರಲ್ಲಿ ಗಾರ್ಡು ಸೀಟಿ ಊದುತ್ತ ಓಡಿ ಬಂದ. ಅವನ ಭಾಷೆ ಯಾರಿಗೂ ತಿಳಿಯಲಿಲ್ಲ, ಮುಟ್ಟಬಾರದು ಎಂಬುದು ಎಲ್ಲರಿಗೂ ತಿಳಿಯಿತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಆಡು ಅವಳನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತು, ಆಮೇಲೆ ಮರಿಯನ್ನು ಕರೆದುಕೊಂಡು ಬಂಡೆ ಹತ್ತಿ ಮಂಜಿನೊಳಗೆ ಹೋಯಿತು.

“ಮುಟ್ಟಿದ್ರ ಒಳಗ ಬರ್ತಿತ್ತು,” ಎಂದಳು ಬಸ್ಸಿನಲ್ಲಿ.

“ಎಲ್ಲಿ ಒಳಗ? ಟೆಂಪೊದಾಗೇನು?” ಎಂದು ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ದಾರಿಯುದ್ದಕ್ಕೂ ಆ ಕೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡೇ ಕೂತಿದ್ದಳು.

*

“ಬಂದ ಮ್ಯಾಲೂ ಅದ ಆಗಿತ್ತು,” ಎಂದ ಬೊಮ್ಮಯ್ಯ. “ದಿನಾ ಬಾಗಿಲು ಕಟ್ಟಿದ ಮ್ಯಾಲೆ, ‘ಆ ಗುಡ್ಡದಾವನ್ನ ಯಾರು ಕೂಡಿದ್ರೋ ಏನೋ’ ಅಂತಿದ್ಲು. ನನಗ ಸಿಟ್ಟು ಬರ್ತಿತ್ತು. ನಿನ್ನಿನೂ ಅಂದೆ, ‘ಹೋಗಿ ನೀನ ಕೂಡಿ ಬಾ’ ಅಂತ.”

ಅವನಿಗೆ ಅಳು ಬಂತು. ಚೌಡಕ್ಕ ತಮ್ಮನ ಹತ್ತಿರ ಸರಿದು ಕೂತಳು.

ಮಧ್ಯಾಹ್ನ ನಾಗರತ್ನ ಬಂದಳು. ಬಂದವಳು ಅವ್ವನ ಕಾಲು ಹಿಡಿದು ಬಿದ್ದು ಅತ್ತಳು. ಆಮೇಲೆ ತಡಮಾಡಲಿಲ್ಲ, ಹಲಗೆ ಬಾರಿಸಿದರು, ಎತ್ತಿದರು. ಹೆಣ ಹೊಸ್ತಿಲು ದಾಟಿದ್ದೇ ತಡ ಚೌಡಕ್ಕ ತಾನೇ ಹೋಗಿ ದೊಡ್ಡಿಯ ಹಗ್ಗ ಬಿಚ್ಚಿದಳು. ಆಡುಗಳು ಗುಡ್ಡದ ಕಡೆ ಓಡಿದವು. ಹಿಂದೆ ಯಾರೂ ಹೋಗಲಿಲ್ಲ, ಎಲ್ಲರೂ ಮಣ್ಣಿಗೆ ಹೊರಟಿದ್ದರು.

ಮಣ್ಣು ಕೊಟ್ಟು, ಮಿಂದು, ಮನೆಗೆ ಬಂದು ದೀಪ ನೋಡುವ ಹೊತ್ತಿಗೆ ಕತ್ತಲಾಗುತ್ತಿತ್ತು.

“ಅಪ್ಪಾ, ಆಡು?” ಎಂದಳು ನಾಗರತ್ನ.

ಆಡುಗಳು ತಾವಾಗಿಯೇ ಬಂದಿದ್ದವು. ದೊಡ್ಡಿಯ ಬಾಗಿಲು ತೆರೆದೇ ಇತ್ತು. ಆದರೆ ಒಂದೂ ಒಳಗೆ ಹೋಗಿರಲಿಲ್ಲ, ಬಾಗಿಲೆದುರು ಗುಂಪಾಗಿ ನಿಂತಿದ್ದವು. ದುರುಗಣ್ಣ ಕೋಲು ಬೀಸಿದರೆ ಚದುರಿ ಮತ್ತೆ ಅಲ್ಲೇ ಬಂದು ನಿಂತವು. ಚೌಡಕ್ಕ ಒಳಗಿನಿಂದ ಸೊಪ್ಪು ತೋರಿಸಿದಳು. ಅವು ಸೊಪ್ಪು ನೋಡಿದವು, ಅಲುಗಲಿಲ್ಲ.

ಬೊಮ್ಮಯ್ಯ ಒದ್ದೆ ಪಂಚೆಯಲ್ಲೇ ಎದ್ದು ಹೋಗಿ ಹೆಂಡತಿ ನಿಲ್ಲುತ್ತಿದ್ದ ಜಾಗದಲ್ಲಿ ನಿಂತ. ಕೈ ಚಾಚಿದ. ಮುಂದಿನ ಮುದಿ ಆಡು ಅವನ ಬೆರಳು ಮೂಸಿತು. ಹಾಯುತ್ತದೆ ಎಂದೇ ಅವನು ಹೆದರಿದ್ದ. ತಲೆಯ ಮೇಲೆ ಅಂಗೈ ಇಟ್ಟ. ಅದು ಒಳಗೆ ಹೋಯಿತು. ಹಿಂದಿನದು ಮುಂದೆ ಬಂತು. ಅದನ್ನೂ ಮುಟ್ಟಿದ.

“ಸಂತಿಗೆ ಹೊಡ್ಯಾಕ ನಾನೂ ಬರ್ಲೇನು ಮಾವ?” ಎಂದ ದುರುಗಣ್ಣ.

“ಯಾವ ಸಂತಿಲೇ?”

ಕಡೆಯ ಮರಿಯೂ ಒಳಗೆ ಸೇರಿತು. “ಎಲ್ಲಾ ಬಂದ್ವಲ್ಲೋ, ಬಾಗಿಲು ಹಾಕು,” ಎಂದಳು ಚೌಡಕ್ಕ.

“ತಡಿಯಕ್ಕಾ,” ಎಂದ ಬೊಮ್ಮಯ್ಯ. ಹಗ್ಗ ಎಡಗೈಯಲ್ಲಿತ್ತು. ಬಲಗೈಯನ್ನು ಗುಡ್ಡದ ಕಡೆ ಹಾಗೇ ಚಾಚಿಕೊಂಡು, ಕತ್ತಲಲ್ಲಿ ನಿಂತೇ ಇದ್ದ.