ಮಿಲ್ಲಿನಲ್ಲಿ ಎಂಕಪ್ಪನ ಪಾಲು

ನಮ್ಮ ಸಾಹುಕಾರ ಸಿದ್ದರಾಮೇಶ ಹೈದರಾಬಾದಿನ ಯಾವುದೋ ಶಿಬಿರಕ್ಕೆ ಹೋದವನು ಜಪಾನನ್ನು ತಲೆಯಲ್ಲಿ ತುಂಬಿಕೊಂಡು ಬಂದ. ಮಕ್ತಲ್‌ನ ಅವನ ಬೇಳೆ ಮಿಲ್ಲಿನಲ್ಲಿ ನಾನು, ಮೈಸಮ್ಮ, ತೊಗರಿ ಹಸನು ಮಾಡುವವಳು; ನನ್ನ ಗಂಡ ಎಂಕಪ್ಪ ಚೀಲ ಹೊರುವವನು. ಮರುದಿನದಿಂದ ನಾವೆಲ್ಲ ಬೆಳಿಗ್ಗೆ ಅಂಗಳದಲ್ಲಿ ಸಾಲಾಗಿ ನಿಂತು, ಕೈ ಮೇಲೆ ಕೆಳಗೆ ಮಾಡುತ್ತ, ಮಿಲ್ಲೇ ನಮ್ಮ ಮನೆ ಎಂದು ಕೂಗಬೇಕು. ಜಪಾನಿನಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲವಂತೆ. ಹೊತ್ತು ಮುಳುಗಿದರೂ ಯಾರೂ ಮನೆಗೆ ಹೋಗುವುದಿಲ್ಲವಂತೆ. ಮೊದಲನೆಯದನ್ನು ಕೇಳಿ ಎಂಕಪ್ಪ ಹಿಗ್ಗಿದ. ಎರಡನೆಯದನ್ನು ಸಾಹುಕಾರ ಅಂದೇ ಜಾರಿಗೆ ತಂದ.

ಅವನ ತಮ್ಮ ಬಸವಪ್ರಸಾದ ಸುಮ್ಮನಿದ್ದಾನೆಯೇ? ಮೊಬೈಲಿನಲ್ಲಿ ನೋಡಿ ಕಲಿತ ಅವನದು ಅಮೆರಿಕಾ. ಅಲ್ಲಿ ಮನೆ ಮಠ ಎಂಬುದೆಲ್ಲ ಇಲ್ಲ, ಯಾರ ಕೈ ಎಷ್ಟು ಓಡುತ್ತದೋ ಅಷ್ಟೇ, ಓಡದವನು ಹೊರಗೆ. ತಿಂಗಳಿಗೊಬ್ಬ ಚುರುಕಿನವನ ಫೋಟೋ ಗೋಡೆಗೆ ಎಂದ. ಮೊದಲನೆಯದು ಚೀಲ ಹೊಲಿಯುವ ಅಂಜಿಯದು. ಹಾರ ಹಾಕಿದ ಫೋಟೋ ನೋಡಿದ್ದೇ ಅಂಜಿಯ ಹೆಂಡತಿ, ಗಂಡ ಎದುರಿಗೇ ನಿಂತಿದ್ದರೂ, ಎದೆ ಬಡಿದುಕೊಂಡು ಅತ್ತಳು.

ಅಣ್ಣ ತಮ್ಮ ಜಗಳಾಡಿ ಜಗಳಾಡಿ ಕೊನೆಗೆ ರಾಜಿಯಾದರು: ದುಡಿಸಿಕೊಳ್ಳಲು ಜಪಾನ್, ತೆಗೆದುಹಾಕಲು ಅಮೆರಿಕಾ. ಮಂಡಿ ನೋವಿನ ಎಂಕಪ್ಪನಿಗೆ ನಾಳೆಯಿಂದ ಬರಬೇಡ ಎಂದರು. ನನಗೆ ಮೈಯೆಲ್ಲ ಉರಿಯಿತು. ಈ ವಯಸ್ಸಿನಲ್ಲಿ ಅವನನ್ನು ಇನ್ಯಾರು ಕೆಲಸಕ್ಕೆ ಕರೆದಾರು?

ಎಂಕಪ್ಪ ನೆಟ್ಟಗೆ ಊರೊಳಗೆ ಹೋದ. ಊರಿನ ಹಿರಿಯ ಜಂಬಪ್ಪನನ್ನೂ ಇನ್ನಿಬ್ಬರನ್ನೂ ಕರೆತಂದು ಮಿಲ್ಲಿನ ಅಂಗಳದಲ್ಲಿ ಕೂರಿಸಿದ. ನಮ್ಮ ಕಡೆ ಮನೆಯವನೊಬ್ಬನನ್ನು ಬೇರೆ ಹಾಕುವುದಾದರೆ ಹಿರಿಯರ ಮುಂದೆ ಪಾಲು ಕೊಟ್ಟೇ ಹಾಕಬೇಕು.

"ದಿನಾ ಮುಂಜಾನಿ ಮಿಲ್ಲೇ ಮನಿ ಅನಸೀರಿ ಸಾವ್ಕಾರ್ರ. ಈಗ ಬ್ಯಾರೆ ಹಾಕಾಕ ಹತ್ತೀರಿ. ನನ್ನ ಪಾಲು ಕೊಡ್ರಿ," ಎಂದ.

ಹಿರಿಯರು ತಲೆದೂಗಿದರು. ಸಾಹುಕಾರನ ಹಣೆ ಬೆವರಿತು. ಕೆಲಸ ಉಳಿಯಿತೆಂದು ನಾನು ಸೆರಗಿನ ಮರೆಯಲ್ಲಿ ನಕ್ಕೆ.

"ಪಾಲು ಮನ್ಯಾಗ ಹುಟ್ಟಿದವ್ರಿಗೆ ಅಷ್ಟ ಐತಿ," ಎಂದ ಸಾಹುಕಾರ.

ಅದಕ್ಕೇ ಕಾಯುತ್ತಿದ್ದವನ ಹಾಗೆ ಬಸವಪ್ರಸಾದ ಎದ್ದು ನಿಂತ. "ಹಿರ್ಯಾರು ಹ್ಯಾಂಗೂ ಕುಂತಾರ. ನಂದು ಕೊಟ್ಟುಬಿಡು ಅಣ್ಣ."

ಎಂಕಪ್ಪನ ಮಾತು ಅಲ್ಲಿಗೇ ಬಿತ್ತು. ಸಂಜೆಯವರೆಗೂ ಹಿರಿಯರು ಮಿಲ್ಲನ್ನು ಅಳೆದರು.

ಈಗ ಅಂಗಳದ ನಡುವೆ ಗೋಡೆ ಏಳುತ್ತಿದೆ. ಇಟ್ಟಿಗೆ ಹೊರಲು ಮೇಸ್ತ್ರಿ ನನ್ನ ಗಂಡನನ್ನೇ ದಿನಗೂಲಿಗೆ ಕರೆದಿದ್ದಾನೆ. ಗೋಡೆ ಮುಗಿದರೆ ಅದೂ ಇಲ್ಲ. ಬುತ್ತಿ ಕಟ್ಟಿಕೊಡುವಾಗ ದಿನಾ ಹೇಳಿ ಕಳಿಸುತ್ತೇನೆ, ಅವಸರ ಮಾಡಬೇಡ ಎಂದು.